ಮೂಕಂಡಪಲ್ಲಿಯಲ್ಲಿ ಎರಡು ಹುಳಿ

ಸಮ್ಮೇಳನದ ಸ್ಮರಣ ಸಂಚಿಕೆಗೆ ಗಡಿಯ ಬದುಕನ್ನು ಕುರಿತು ಏನಾದರೂ ಬರೆದುಕೊಡಿ ಎಂದು ಸಂಘದ ಗೆಳೆಯರು ಕೇಳಿದಾಗ, ನಾವು ಗಂಡಹೆಂಡಿರಿಬ್ಬರೂ ಕೂಡಿಯೇ ಬರೆಯುವುದೆಂದು ನಿಶ್ಚಯಿಸಿದೆವು. ಒಬ್ಬರು ನೆನಪಿಸಿಕೊಂಡಂತೆ ಮತ್ತೊಬ್ಬರು ಬರೆದದ್ದು ಇದು. ಆದ್ದರಿಂದ ಇಲ್ಲಿ 'ನಾವು' ಎಂದರೆ ಇಬ್ಬರೂ. ತಪ್ಪು ಯಾರದೆಂದು ಬೇರೆಯಾಗಿ ಹೇಳುವ ಕಷ್ಟವೂ ಇದರಿಂದ ತಪ್ಪಿತು.

ನಾವು ಬರೆಯುತ್ತಿರುವುದು ಹಂದಿಮಾಂಸದ ಅಡುಗೆಯನ್ನು ಕುರಿತು. ಸಾಹಿತ್ಯ ಸಮ್ಮೇಳನದ ಸಂಚಿಕೆಯಲ್ಲಿ ಇದೆಂಥ ಪ್ರಸ್ತಾಪ ಎಂದು ಹುಬ್ಬೇರಿಸುವ ಹಿರಿಯರ ಕ್ಷಮೆಯನ್ನು ಮೊದಲೇ ಬೇಡುತ್ತೇವೆ. ಆದರೆ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದ ಅನ್ನಭೋಗ ಪ್ರಕರಣದಲ್ಲಿ ಹಂದಿಯನ್ನು ಹದಮಾಡಿ ಸುಟ್ಟು ಬಡಿಸುವ ವಿವರವಿದೆ. ಕನ್ನಡ ನಾಡನ್ನಾಳಿದ ಅರಸನೇ ಅಂಜದೆ ಬರೆದುದನ್ನು ಹೊಸೂರಿನ ಒಬ್ಬ ನಿವೃತ್ತ ಕಾರ್ಮಿಕನೂ ಅವನ ಹೆಂಡತಿಯೂ ಬರೆದರೆ ದೊಡ್ಡ ಅಪರಾಧವಾಗಲಾರದು.

ನಾವು ಮಡಿಕೇರಿಯ ಸಮೀಪದ ಹಳ್ಳಿಯವರು. ಮನೆಮಾತು ಅರೆಭಾಷೆ. 1984ರಲ್ಲಿ ಇಲ್ಲಿನ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿ ಮೂಕಂಡಪಲ್ಲಿಗೆ ಬಂದಾಗ ನಮ್ಮ ವಿಳಾಸ ಧರ್ಮಪುರಿ ಜಿಲ್ಲೆಯದಾಗಿತ್ತು. 2004ರಲ್ಲಿ ಅದು ಕೃಷ್ಣಗಿರಿ ಜಿಲ್ಲೆಯಾಯಿತು. ಮನೆ ಇದ್ದಲ್ಲೇ ಇತ್ತು, ಜಿಲ್ಲೆ ಬದಲಾಯಿತು. ಆಗ ಸಿಪ್ಕಾಟ್ ಕಾರ್ಖಾನೆಗಳ ನಡುವೆ ಇನ್ನೂ ರಾಗಿಹೊಲಗಳಿದ್ದವು. ಬೆಳಗಿನ ಪಾಳಿಗೆ ಹೋಗುವಾಗ ಬೀದಿಯಲ್ಲಿ ತಮಿಳು, ತೆಲುಗು, ಕನ್ನಡ ಮೂರೂ ಕಿವಿಗೆ ಬೀಳುತ್ತಿದ್ದವು. ತರಕಾರಿಯನ್ನು ಒಂದು ಭಾಷೆಯಲ್ಲಿ ಕೇಳಿ, ಮತ್ತೊಂದರಲ್ಲಿ ಚೌಕಾಸಿ ಮಾಡಿ, ಮೂರನೆಯದರಲ್ಲಿ ಚಿಲ್ಲರೆ ಎಣಿಸಿಕೊಳ್ಳುವ ವಿದ್ಯೆಯನ್ನು ಒಂದೇ ವರ್ಷದಲ್ಲಿ ಕಲಿತೆವು.

ಕಲಿಯಲಾಗದೆ ಉಳಿದದ್ದು ಒಂದೇ. ನಮ್ಮ ಊರಿನ ಹಂದಿಯ ಅಡುಗೆಯನ್ನು ಇಲ್ಲಿ ಮಾಡುವುದು ಹೇಗೆ? ಮೊದಲ ಬಾಡಿಗೆ ಮನೆಯಲ್ಲಿ ಮಾಂಸದ ಮಾತೇ ಎತ್ತುವಂತಿರಲಿಲ್ಲ. ಎರಡನೆಯ ಮನೆಯೊಡೆಯರು ತೆಲುಗು ಮಾತಾಡುವ ರೈತರು. ಏನು ಬೇಕಾದರೂ ಬೇಯಿಸಿಕೊಳ್ಳಿ, ಹಿತ್ತಲ ಬಾಗಿಲನ್ನು ಮಾತ್ರ ಮುಚ್ಚಿಕೊಳ್ಳಿ ಎಂದರು. ಅಲ್ಲಿಂದ ನಮ್ಮ ಅಡುಗೆ ಆರಂಭವಾಯಿತು. ಮಾಂಸವನ್ನು ಬೆಂಗಳೂರಿನಿಂದ ತರುತ್ತಿದ್ದೆವು. ಜೂಜುವಾಡಿಯ ತಪಾಸಣಾ ಠಾಣೆಯನ್ನು ದಾಟುವಾಗ ಚೀಲದಲ್ಲಿ ಕಳ್ಳಸಾಗಣೆಯ ಮಾಲಿದ್ದವರಂತೆ ಎದೆ ಹೊಡೆದುಕೊಳ್ಳುತ್ತಿತ್ತು. ಯಾರೂ ಕೇಳುತ್ತಿರಲಿಲ್ಲ, ಆದರೂ.

ಮಾಂಸ ಎಲ್ಲಿಯದಾದರೂ ನಡೆಯುತ್ತಿತ್ತು. ಹುಳಿ ಮಾತ್ರ ಊರಿನಿಂದಲೇ ಬರಬೇಕಿತ್ತು. ಕೊಡಗಿನ ಪಂದಿ ಕರಿಯ ಜೀವ ಕಾಚಂಪುಳಿ. ಮಲೆನಾಡಿನ ಬೇರೆಡೆ ಉಪ್ಪಗೆ ಎಂದು ಕರೆಯುವ ಮರದ ಹಣ್ಣಿನಿಂದ ಅದು ಆಗುತ್ತದೆ. ಮಳೆಗಾಲದಲ್ಲಿ ಹಣ್ಣಾಗಿ ಉದುರಿದ ಕಾಯಿಗಳನ್ನು ಆಯ್ದು ಬುಟ್ಟಿಯಲ್ಲಿ ಗುಡ್ಡೆಹಾಕಿ ಕೆಳಗೆ ಪಾತ್ರೆ ಇಡುತ್ತಾರೆ. ಹಣ್ಣು ಕೊಳೆಯುತ್ತ ಬಂದಂತೆ ರಸ ತೊಟ್ಟಿಕ್ಕುತ್ತದೆ. ಆ ರಸವನ್ನು ಸೋಸಿ, ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಕುದಿಸಿ ಇಂಗಿಸಿದರೆ ಕಾಕಂಬಿಯಂತೆ ಕಪ್ಪಾದ ಮಂದ ದ್ರವ ಉಳಿಯುತ್ತದೆ. ಬುಟ್ಟಿ ತುಂಬ ಹಣ್ಣಿಗೆ ಸಿಗುವುದು ಅಲ್ಪವೇ. ಆದರೆ ಒಂದು ಕಿಲೋ ಮಾಂಸಕ್ಕೆ ಒಂದೆರಡು ಚಮಚ ಸಾಕು, ಬಾಟಲಿ ವರ್ಷಗಟ್ಟಲೆ ಕೆಡುವುದಿಲ್ಲ.

ನಮ್ಮ ಬಾಟಲಿ ಅವ್ವನ ಕೈಯದು. ನಮ್ಮಲ್ಲೊಬ್ಬರಿಗೆ ಅವ್ವ, ಮತ್ತೊಬ್ಬರಿಗೆ ಅತ್ತೆ. ಈ ಬರಹದಲ್ಲಿ ಇಬ್ಬರಿಗೂ ಅವ್ವನೇ. ಸೈನ್ಯದಿಂದ ನಿವೃತ್ತರಾದ ಚಿಕ್ಕಪ್ಪನವರ ಖಾಲಿ ರಮ್ ಬಾಟಲಿಯನ್ನು ತೊಳೆದು ಒಣಗಿಸಿ, ಕಾಚಂಪುಳಿ ತುಂಬಿ, ಬಿರಡೆಗೆ ಮೇಣ ಹಚ್ಚಿ, ವೃತ್ತಪತ್ರಿಕೆ ಸುತ್ತಿ, ಬಾಳೆನಾರಿನಲ್ಲಿ ಕಟ್ಟಿ ಪ್ರತಿವರ್ಷ ಕಳುಹಿಸುತ್ತಿದ್ದರು. ಯಾರಾದರೂ ಪರಿಚಿತರು ಮಡಿಕೇರಿಯ ಬಸ್ಸಿನಲ್ಲಿ ಬೆಂಗಳೂರಿಗೆ ತರುವರು, ನಾವು ಹೋಗಿ ತೆಗೆದುಕೊಳ್ಳುವೆವು. ಸೆಪ್ಟೆಂಬರ್ ಮೊದಲ ವಾರದ ಕೈಲ್ ಮುಹೂರ್ತಕ್ಕೆ ಸರಿಯಾಗಿ ಮನೆಯಲ್ಲಿ ಕಡಂಬುಟ್ಟು ಬೇಯುವುದು. ಮಾಂಸಕ್ಕೆ ಕೊತ್ತಂಬರಿ, ಜೀರಿಗೆ, ಕರಿಮೆಣಸು, ಸಾಸಿವೆ, ಮೆಂತ್ಯಗಳನ್ನು ಹೆಚ್ಚುಕಡಮೆ ಕಪ್ಪಾಗುವತನಕ ಹುರಿದು ಮಾಡಿದ ಪುಡಿ ಬೀಳುವುದು. ಕೊನೆಗೆ ಒಲೆ ಆರಿಸುವ ಮುನ್ನ ಕಾಚಂಪುಳಿ. ಆ ಕ್ಷಣದಲ್ಲಿ ಏಳುವ ವಾಸನೆಗೆ ಕಾರ್ಖಾನೆಯ ಹೊಗೆ, ಹೆದ್ದಾರಿಯ ಲಾರಿಗಳ ಸದ್ದು ಎಲ್ಲವೂ ಅರ್ಧ ಗಂಟೆ ಮರೆತುಹೋಗುತ್ತಿದ್ದವು.

2022ರ ಮಳೆಗಾಲದಲ್ಲಿ ಅವ್ವ ತೀರಿಕೊಂಡರು. ಅದಕ್ಕೂ ಮೊದಲೇ ಜಮೀನು ಪಾಲಾಗಿತ್ತು. ಉಪ್ಪಗೆಯ ಮರವಿದ್ದ ಮೂಲೆ ಬೇರೆಯವರ ಪಾಲಿಗೆ ಹೋಗಿ, ಮನೆ ಕಟ್ಟುವುದಕ್ಕಾಗಿ ಮರವನ್ನು ಕಡಿದಿದ್ದರು. ನಮ್ಮಲ್ಲಿ ಉಳಿದದ್ದು ಬಾಟಲಿಯ ತಳದಲ್ಲಿ ಎರಡು ಬೆರಳು ಕಾಚಂಪುಳಿ. ಅಂಗಡಿಯಲ್ಲಿ ಕೊಂಡು ತಂದು ಒಮ್ಮೆ ನೋಡಿದೆವು. ಕೆಟ್ಟದ್ದೇನಲ್ಲ, ಆದರೆ ನಮಗೆ ಒಗ್ಗಲಿಲ್ಲ. ಇರುವುದನ್ನು ಮುಗಿಸುವ ಧೈರ್ಯವೂ ಬರಲಿಲ್ಲ. ಹಾಗಾಗಿ ಇನ್ನು ಹಂದಿಯ ಅಡುಗೆಯೇ ಬೇಡವೆಂದು ತೀರ್ಮಾನಿಸಿದೆವು. ಬಾಟಲಿ ದೇವರ ಗೂಡಿನ ಪಕ್ಕದ ಕಪಾಟಿಗೆ ಏರಿತು. ಒಂದು ವರ್ಷ ಕೈಲ್ ಮುಹೂರ್ತವನ್ನು ಕೋಳಿಸಾರಿನಲ್ಲಿ ಕಳೆದೆವು.

ನಮ್ಮ ಮಗಳು ಮೋಟಾರು ಬಿಡಿಭಾಗಗಳ ವಿನ್ಯಾಸದ ಎಂಜಿನಿಯರ್. ಕೆಲಸದ ನಿಮಿತ್ತ ಥಾಯ್ಲೆಂಡಿನ ರಯೋಂಗ್ ಎಂಬಲ್ಲಿ ಹದಿನಾಲ್ಕು ತಿಂಗಳು ಇದ್ದು 2023ರ ಆಗಸ್ಟಿನಲ್ಲಿ ಮರಳಿದಳು. ರಯೋಂಗ್ ಕೂಡ ಹೊಸೂರಿನಂತೆಯೇ ಮೋಟಾರು ಕಾರ್ಖಾನೆಗಳ ಊರು. ಸಂಜೆ ಪಾಳಿ ಬಿಡುವ ಹೊತ್ತಿಗೆ ರಸ್ತೆಬದಿಯಲ್ಲಿ ಇದ್ದಿಲ ಒಲೆಗಳು ಸಾಲಾಗಿ ಹೊತ್ತಿಕೊಳ್ಳುತ್ತವಂತೆ. ಬಿದಿರುಕಡ್ಡಿಗೆ ಪೋಣಿಸಿ ಸುಟ್ಟ ಹಂದಿಮಾಂಸ, ಜೊತೆಗೆ ಅಂಟು ಅಕ್ಕಿಯ ಅನ್ನ. ಅದರ ಹೆಸರು 'ಮೂ ಪಿಂಗ್'. ಥಾಯ್ ಭಾಷೆಯಲ್ಲಿ 'ಮೂ' ಎಂದರೆ ಹಂದಿ. "ನನ್ನ ಊರು ಮೂಕಂಡಪಲ್ಲಿ ಎಂದು ಅವರಿಗೆ ಹೇಳಿ ಎಷ್ಟು ನಗಿಸಿದ್ದೇನೆ ಗೊತ್ತೇ, ಅವ್ವ?" ಎಂದು ಬಂದ ದಿನವೇ ಹೇಳಿ ನಮ್ಮನ್ನೂ ನಗಿಸಿದಳು.

ಮರು ಭಾನುವಾರ ನಮಗೆ ಹೇಳದೆ ಹೋಗಿ ಒಂದು ಕಿಲೋ ಹಂದಿಮಾಂಸ ತಂದಳು. ಹೊಸೂರಿನ ರೈತಸಂತೆಯಿಂದ ಬೇರು ಸಹಿತವಾದ ಕೊತ್ತಂಬರಿ ಕಟ್ಟುಗಳನ್ನೂ ತಂದಳು. ನಾವು ಕತ್ತರಿಸಿ ಎಸೆಯುವ ಬೇರೇ ಅವಳಿಗೆ ಮುಖ್ಯ. ಹತ್ತು ಬೇರುಗಳನ್ನು ಮಣ್ಣು ಹೋಗುವಂತೆ ಕೆರೆದು ತೊಳೆದು, ಹನ್ನೆರಡು ಎಸಳು ಬೆಳ್ಳುಳ್ಳಿ, ಒಂದೂವರೆ ಚಮಚ ಕರಿಮೆಣಸಿನೊಂದಿಗೆ ಒರಳಿನಲ್ಲಿ ಜಜ್ಜಿದಳು. ಈ ಮೂರೂ ಥಾಯ್ ಅಡುಗೆಮನೆಯಲ್ಲಿ ಬಿಟ್ಟಿರಲಾರದ ಗೆಳೆಯರಂತೆ. ಎರಡು ದೊಡ್ಡ ಚಮಚ ಸೋಯಾ ಸಾಸ್, ಅಷ್ಟೇ ತಾಟಿಬೆಲ್ಲ, ಅರ್ಧ ಲೋಟ ಗಟ್ಟಿ ತೆಂಗಿನಹಾಲು, ರುಚಿಗೆ ಉಪ್ಪು ಸೇರಿಸಿದಳು. ಕೊಬ್ಬಿನ ಅಂಚು ಉಳಿಸಿ ಎರಡು ಬೆರಳಗಲ ಕತ್ತರಿಸಿದ ಮಾಂಸಕ್ಕೆ ಇದನ್ನೆಲ್ಲ ಚೆನ್ನಾಗಿ ತಿಕ್ಕಿ, ರಾತ್ರಿಯಿಡೀ ಫ್ರಿಜ್ಜಿನಲ್ಲಿ ನೆನೆಯಲು ಇಟ್ಟಳು.

ಒರಳಿನ ಮುಂದೆ ಕುಳಿತಿದ್ದಾಗ ಅವಳು ಹೇಳಿದ ಒಂದು ಸಂಗತಿ ನಮಗೆ ಬಹಳ ಹಿಡಿಸಿತು. ಥಾಯ್ ಭಾಷೆಯಲ್ಲಿ ಮೆಣಸಿನಕಾಯಿಗೆ 'ಪ್ರಿಕ್', ಕರಿಮೆಣಸಿಗೆ 'ಪ್ರಿಕ್ ಥಾಯ್'. ಅಂದರೆ ಮೊದಲು ಬರಿಯ 'ಪ್ರಿಕ್' ಎಂದರೆ ಕರಿಮೆಣಸೇ ಆಗಿತ್ತು. ಅಮೆರಿಕ ಖಂಡದ ಮೆಣಸಿನಕಾಯಿ ಪೋರ್ಚುಗೀಸರ ಕಾಲದಲ್ಲಿ ಪೂರ್ವದ ದೇಶಗಳಿಗೆ ಬಂದು ಆ ಹೆಸರನ್ನು ತನ್ನದಾಗಿಸಿಕೊಂಡಿತು. ಮನೆಯ ಹಳಬನು 'ಥಾಯ್' ಎಂಬ ವಿಶೇಷಣ ಹೊತ್ತು ಗುರುತು ಹೇಳಿಕೊಳ್ಳಬೇಕಾಯಿತು. ಕನ್ನಡದಲ್ಲಿ ಆದದ್ದೂ ಇದೇ ತಾನೆ? ಮೆಣಸು ಎಂದರೆ ಹಿಂದೆ ಬಳ್ಳಿಯ ಮೆಣಸು. ಹೊಸ ಕಾಯಿ ಬಂದು ಮೆಣಸಿನಕಾಯಿಯಾಯಿತು, ಹಳೆಯದು ಕರಿಮೆಣಸು, ಒಳ್ಳೆ ಮೆಣಸು ಎಂದು ಹೇಳಿಸಿಕೊಳ್ಳತೊಡಗಿತು. ಸಾವಿರಾರು ಮೈಲಿ ದೂರದ ಎರಡು ಭಾಷೆಗಳು ಒಬ್ಬ ಅತಿಥಿಯನ್ನು ಒಂದೇ ರೀತಿ ಒಳಕ್ಕೆ ಕರೆದುಕೊಂಡಿವೆ.

ಮರುದಿನ ಮಾಂಸ ಸುಡುವ ಮೊದಲು ನೆಂಚಿಕೊಳ್ಳುವ ಸಾರವನ್ನು ಸಿದ್ಧಪಡಿಸಿದಳು. ಥಾಯ್ಲೆಂಡಿನ ಈಶಾನ್ಯ ಭಾಗದಲ್ಲಿ ಇದನ್ನು 'ನಾಮ್ ಜಿಮ್ ಜೇವ್' ಎನ್ನುತ್ತಾರಂತೆ. ನಿಂಬೆ ಗಾತ್ರದ ಹುಣಿಸೆಹಣ್ಣನ್ನು ಅರ್ಧ ಲೋಟ ಬಿಸಿನೀರಿನಲ್ಲಿ ನೆನೆಸಿ ಹಿಂಡಿದ ಗಟ್ಟಿ ರಸ, ಒಂದೂವರೆ ಚಮಚ ಪುಡಿಮಾಡಿದ ತಾಟಿಬೆಲ್ಲ, ಎರಡು ಚಮಚ ಮೀನಿನ ಸಾಸ್, ಹುರಿದು ತರಿಯಾಗಿ ಕುಟ್ಟಿದ ಒಣಮೆಣಸಿನಕಾಯಿ ಒಂದು ಚಮಚ, ತೆಳ್ಳಗೆ ಹೆಚ್ಚಿದ ನಾಲ್ಕೈದು ಸಣ್ಣ ಈರುಳ್ಳಿ, ಕೊತ್ತಂಬರಿ ಸೊಪ್ಪು. ಕೊನೆಯಲ್ಲಿ ಒಂದು ಚಮಚ ಹುರಿದ ಅಕ್ಕಿಯ ಪುಡಿ. ಅಕ್ಕಿಯನ್ನು ಎಣ್ಣೆಯಿಲ್ಲದೆ ಹೊಂಬಣ್ಣ ಬರುವವರೆಗೆ ಹುರಿದು ಕುಟ್ಟಿದಾಗ ಮನೆಯೆಲ್ಲ ತಂಬಿಟ್ಟಿನ ವಾಸನೆ. ಆ ಪುಡಿಯನ್ನು ಬಡಿಸುವ ಹೊತ್ತಿಗೇ ಬೆರೆಸಬೇಕು. ಮೊದಲೇ ಹಾಕಿದರೆ ಉಬ್ಬಿ ಗಂಜಿಯಾಗುತ್ತದೆ. ಹುಣಿಸೆಯೂ ತಾಟಿಬೆಲ್ಲವೂ ನಮ್ಮ ಬೀದಿಯ ಅಂಗಡಿಯವೇ. ಕೃಷ್ಣಗಿರಿಯ ಸೀಮೆಯಲ್ಲಿ ಹುಣಿಸೆಗೇನು ಬರ? ಮಾವಿನ ಹಂಗಾಮಿಗೂ ಮುಂಚೆ ಮನೆಮನೆಯ ಜಗಲಿಯಲ್ಲಿ ಹೆಂಗಸರು ಕುಳಿತು ಹುಣಿಸೆ ಕುಟ್ಟಿ ಬೀಜ ಬಿಡಿಸುವುದನ್ನು ನಾವು ನಲವತ್ತು ವರ್ಷಗಳಿಂದ ನೋಡಿದ್ದೇವೆ. ಹೊರದೇಶದಿಂದ ಬಂದದ್ದು ಮೀನಿನ ಸಾಸಿನ ಬಾಟಲಿಯೊಂದೇ.

ಮಾಳಿಗೆಯ ಮೇಲೆ ಇದ್ದಿಲ ಒಲೆ ಹೊತ್ತಿತು. ಉರಿ ಅಡಗಿ ಕೆಂಡಕ್ಕೆ ಬೂದಿ ಕವಿದ ಮೇಲೆ ಜಾಲರಿ ಇಟ್ಟು, ಆಗಾಗ ತೆಂಗಿನಹಾಲು ಸವರುತ್ತ, ಒಳಗೆ ಕೆಂಪು ಕಾಣದಂತೆ ಪೂರ್ತಿ ಬೇಯಿಸಿದಳು. ಬೆಲ್ಲವಿರುವುದರಿಂದ ಉರಿ ಹೆಚ್ಚಾದರೆ ಹೊರಗೆ ಸುಟ್ಟು ಒಳಗೆ ಹಸಿಯಾಗಿ ಉಳಿಯುತ್ತದೆ. ಅಂಚಿನ ಕೊಬ್ಬು ಕರಗಿ ಕೆಂಡಕ್ಕೆ ತೊಟ್ಟಿಕ್ಕುವ ಸದ್ದು ಕೇಳುತ್ತ ನಾವಿಬ್ಬರೂ ಮೆಟ್ಟಿಲ ಮೇಲೆ ಕುಳಿತಿದ್ದೆವು. ಹಸಿವಾಗಿತ್ತು. ಹಾಗಿದ್ದೂ ತಟ್ಟೆ ಮುಂದೆ ಬಂದಾಗ ನಮ್ಮ ಬಾಯಿಂದ ಹೊರಟದ್ದು ಕೆಟ್ಟ ಮಾತು. "ಹಂದಿಗೆ ಹುಣಿಸೆ ಹಾಕುವುದುಂಟೇ? ನಿನ್ನ ಅಜ್ಜಿ ಇದನ್ನು ನೋಡಿದ್ದರೆ ಏನೆನ್ನುತ್ತಿದ್ದರು?" ನಮ್ಮಲ್ಲೊಬ್ಬರು ಆಡಿದರು, ಇನ್ನೊಬ್ಬರು ತಡೆಯಲಿಲ್ಲ. ಆದುದರಿಂದ ಇಬ್ಬರೂ ಆಡಿದಂತೆಯೇ.

ಮಗಳು ಸಿಟ್ಟಾಗಲಿಲ್ಲ. "ಅಪ್ಪಾ, ಇದು ಪಂದಿ ಕರಿ ಅಂತ ನಾನು ಹೇಳಲೇ ಇಲ್ಲವಲ್ಲ" ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ಅಜ್ಜಿ ಹೇಗೆ ಮಾಡುತ್ತಿದ್ದರು ಎಂದು ನೀವಾದರೂ ನನಗೆ ಯಾವಾಗ ಕಲಿಸಿದಿರಿ? ಕಾಪಾಟಿನಲ್ಲಿ ಬಾಟಲಿ ತೋರಿಸಿದಿರಿ, ಅಷ್ಟೇ" ಎಂದಳು.

ಅಂದು ರಾತ್ರಿ ಅವ್ವನ ಕಾಗದಗಳ ಕಟ್ಟನ್ನು ಹೊರತೆಗೆದೆವು. ಫೋನು ಬರುವ ಮುಂಚಿನ ವರ್ಷಗಳಲ್ಲಿ ತಿಂಗಳಿಗೊಂದು ಇನ್‌ಲ್ಯಾಂಡ್ ಬರುತ್ತಿತ್ತು. ಅಡುಗೆಯ ವಿಷಯ ಕೆಲವದರಲ್ಲಿ ಇತ್ತೆಂಬ ನೆನಪು. ಹುಡುಕಿಕೊ ಎಂದು ಕಟ್ಟನ್ನು ಮಗಳ ಕೈಗೆ ಕೊಟ್ಟೆವು. ಅವಳು ಮೊದಲ ಕಾಗದವನ್ನು ಬಿಡಿಸಿ, ದೀಪಕ್ಕೆ ಹಿಡಿದು, ಮತ್ತೆ ಮಡಚಿ, "ನೀವೇ ಓದಬೇಕು" ಎಂದು ತಗ್ಗಿದ ದನಿಯಲ್ಲಿ ಹೇಳಿದಳು.

ನಮಗೆ ಆ ಕ್ಷಣದ ಮೌನ ಇನ್ನೂ ನೆನಪಿದೆ. ಮನೆಯಲ್ಲಿ ಅರೆಭಾಷೆ, ಬೀದಿಯಲ್ಲಿ ತಮಿಳು, ಶಾಲೆಯಲ್ಲಿ ಇಂಗ್ಲಿಷ್. ಇವುಗಳ ನಡುವೆ ಅವಳು ಕನ್ನಡವನ್ನು ಚೆನ್ನಾಗಿ ಮಾತಾಡುತ್ತಾಳೆ ಎಂಬುದೇ ನಮಗೆ ಸಾಕಾಗಿತ್ತು. ಅಕ್ಷರಮಾಲೆಯನ್ನು ಅವಳ ಏಳನೆಯ ವಯಸ್ಸಿನಲ್ಲಿ ಒಂದು ಬೇಸಿಗೆ ರಜೆಯಲ್ಲಿ ಆರಂಭಿಸಿ, ರಜೆ ಮುಗಿದೊಡನೆ ಕೈಬಿಟ್ಟಿದ್ದೆವು. ಆಮೇಲೆ ಪರೀಕ್ಷೆಗಳಿದ್ದವು, ಪಾಳಿಗಳಿದ್ದವು. ಸಂಘದ ರಾಜ್ಯೋತ್ಸವಕ್ಕೆ ಅವಳನ್ನು ಕರೆದುಕೊಂಡು ಹೋಗಿದ್ದೇವೆ, ಹಾಡಿಸಿದ್ದೇವೆ. ಹಾಡನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಟ್ಟವರೂ ನಾವೇ. ಎರಡು ಬೆರಳು ಕಾಚಂಪುಳಿಯನ್ನು ಒಂದು ವರ್ಷ ಜೋಪಾನ ಮಾಡಿದ ನಮಗೆ ಅಜ್ಜಿಯ ಕೈಬರಹವನ್ನು ಮೊಮ್ಮಗಳು ಓದಲಾರಳೆಂಬುದು ಮೂವತ್ತು ವರ್ಷ ಹೊಳೆದಿರಲಿಲ್ಲ.

ಓದಿ ಹೇಳುವುದಕ್ಕೆ ನಮ್ಮಲ್ಲೊಬ್ಬರು ಕೈ ಚಾಚಿದರು. ಅವಳು ಕೊಡಲಿಲ್ಲ. "ಬೇಡ, ಅಕ್ಷರ ತೋರಿಸಿ, ನಾನೇ ಓದುತ್ತೇನೆ" ಎಂದಳು. ಮೊದಲ ದಿನ ನಾಲ್ಕು ಸಾಲಿಗೆ ಮುಕ್ಕಾಲು ಗಂಟೆ ಹಿಡಿಯಿತು. ಒತ್ತಕ್ಷರ ಬಂದಲ್ಲೆಲ್ಲ ನಿಂತುಬಿಡುವಳು. ಅವ್ವನ 'ಳ'ವೂ 'ಲ'ವೂ ಒಂದೇ ರೀತಿ ಇರುತ್ತಿದ್ದುದರಿಂದ ನಮಗೂ ಕಷ್ಟವೇ ಆಗುತ್ತಿತ್ತು. ಪ್ರತಿರಾತ್ರಿ ಊಟವಾದ ಮೇಲೆ ಇದು ನಡೆಯಿತು. ಹತ್ತನೆಯ ದಿನದ ಹೊತ್ತಿಗೆ 1986ರ ಒಂದು ಕಾಗದ ಸಿಕ್ಕಿತು. ನಾವು ಮದುವೆಯಾಗಿ ಇಲ್ಲಿ ಸಂಸಾರ ಹೂಡಿದ ವರ್ಷ. ಅಪ್ಪನ ಕೆಮ್ಮು, ಏಲಕ್ಕಿಯ ದರ, ಕರು ಹಾಕಿದ ಹಸು, ಎಲ್ಲ ಮುಗಿದ ಮೇಲೆ ಮಡಿಕೆಯ ಅಂಚಿನಲ್ಲಿ ಸಣ್ಣದಾಗಿ ಬರೆದಿತ್ತು: ಈ ವರ್ಷ ಮಳೆ ಹೆಚ್ಚಾಗಿ ಹಣ್ಣೆಲ್ಲ ಹಾಳಾಯಿತು, ಕಾಚಂಪುಳಿ ಕಳುಹಿಸಲು ಆಗದು, ಅಲ್ಲಿ ಸಿಗುವ ಹುಣಿಸೆಯನ್ನೇ ಗಟ್ಟಿಯಾಗಿ ಹಿಂಡಿ ಹಾಕಿಕೊಳ್ಳಿ, ನಮ್ಮ ತವರಿನಲ್ಲಿ ಹಂದಿಗೆ ಹಾಕುತ್ತಿದ್ದದ್ದು ಅದನ್ನೇ.

ಮಗಳು ಅದನ್ನು ಎರಡು ಸಲ ಓದಿದಳು. ಮೂರನೆಯ ಸಲ ನಮ್ಮ ಮುಖ ನೋಡುತ್ತ ಓದಿದಳು.

ಅವ್ವನ ತವರು ಸುಳ್ಯದ ಕಡೆ. ಗಟ್ಟದ ಕೆಳಗೆ. ಅಲ್ಲಿ ಹುಣಿಸೆ, ಬಿಂಬುಳಿ, ಪುನರ್ಪುಳಿ ಎಲ್ಲವೂ ಅಡುಗೆಗೆ ಒದಗುತ್ತವೆ. ಮಂಗಳೂರಿನ ಕ್ರೈಸ್ತರ ಮನೆಗಳಲ್ಲಿ ಹಂದಿಯ ಬಾಫತ್ತಿಗೆ ವಿನೆಗರ್ ಅಥವಾ ಹುಣಿಸೆ ಹಾಕುವುದನ್ನು ನಾವೂ ಉಂಡು ಬಲ್ಲೆವು. ಮದುವೆಯಾಗಿ ಗಟ್ಟ ಹತ್ತಿ ಬಂದ ಅವ್ವ ಕಾಚಂಪುಳಿ ಮಾಡುವುದನ್ನು ತನ್ನ ಅತ್ತೆಯಿಂದ ಕಲಿತಿರಬೇಕು. ನಾವು ಅನಾದಿಯೆಂದು ತಿಳಿದಿದ್ದ ಅವ್ವನ ಕೈರುಚಿ ಅವರ ಪಾಲಿಗೆ ಹೊಸ ಊರಿನಲ್ಲಿ ಕಲಿತ ರುಚಿಯಾಗಿತ್ತು. 1986ರಲ್ಲಿ ಆ ಕಾಗದವನ್ನು ನಾವು ಓದಿದ್ದೆವು, ಬಹುಶಃ ಹುಣಿಸೆ ಹಾಕಿಯೂ ಇದ್ದೆವು. ಮರುವರ್ಷದಿಂದ ಬಾಟಲಿ ಬರತೊಡಗಿತು, ಅದನ್ನು ಮರೆತೆವು.

ಆ ವರ್ಷದ ಕೈಲ್ ಮುಹೂರ್ತ ಆಗಲೇ ಕಳೆದಿತ್ತು. ಮುಂದಿನ ಭಾನುವಾರ ಎರಡು ಬಗೆಯೂ ಆಗಲೆಂದು ನಿಶ್ಚಯಿಸಿದೆವು. ಕಪಾಟಿನಿಂದ ಬಾಟಲಿ ಇಳಿಯಿತು. ಮಗಳು ಮಗ್ಗುಲಲ್ಲಿ ನಿಂತು ಮಸಾಲೆ ಎಷ್ಟು ಕಪ್ಪಾಗಬೇಕು, ಯಾವಾಗ ಉರಿ ತಗ್ಗಿಸಬೇಕು ಎಂಬುದನ್ನೆಲ್ಲ ತನ್ನ ಹೊಸ ಕನ್ನಡದಲ್ಲಿ ಬರೆದುಕೊಂಡಳು. 'ಹುರಿ' ಎಂಬಲ್ಲಿ 'ಉರಿ' ಎಂದು ಬರೆದಿದ್ದಳು. ಅಡುಗೆಯ ಮಟ್ಟಿಗೆ ಎರಡೂ ಬೇಕಾದವೇ ಎಂದು ತಿದ್ದದೆ ಬಿಟ್ಟೆವು. ಕೊನೆಯ ಕಾಚಂಪುಳಿಯನ್ನು ಪಾತ್ರೆಗೆ ಸುರಿದವಳು ಅವಳೇ. ಬಾಟಲಿಗೆ ಸ್ವಲ್ಪ ಬಿಸಿನೀರು ಹಾಕಿ ಕುಲುಕಿ ಅದನ್ನೂ ಸುರಿದಳು. ಒಂದು ಹನಿಯೂ ಉಳಿಯಲಿಲ್ಲ.

ಮಾಳಿಗೆಯ ಮೇಲೆ ಇದ್ದಿಲ ಒಲೆಯೂ ಹೊತ್ತಿತು. ಈ ಬಾರಿ ನಾವು ಸುಮ್ಮನೆ ತಿಂದೆವು. ಮೊದಲು ಸಿಹಿ, ಹಿಂದೆಯೇ ಹುಳಿ, ಆಮೇಲೆ ಖಾರ, ಕಡೆಗೆ ಹಲ್ಲಿಗೆ ಸಿಗುವ ಹುರಿದಕ್ಕಿಯ ತರಿ. ಪಂದಿ ಕರಿಯ ಗಾಂಭೀರ್ಯ ಇದಕ್ಕಿಲ್ಲ ಎಂಬ ಅಭಿಪ್ರಾಯವನ್ನು ನಾವು ಈಗಲೂ ಬಿಟ್ಟಿಲ್ಲ. ಆದರೆ ಒಂದು ಭೇದ ನಮ್ಮ ಗಮನಕ್ಕೆ ಬಂತು. ನಮ್ಮ ಅಡುಗೆಯಲ್ಲಿ ಹುಳಿ ಪಾತ್ರೆಯೊಳಗೆ ಬಿದ್ದು ಮಾಂಸದಲ್ಲಿ ಒಂದಾಗುತ್ತದೆ, ಎಲ್ಲರಿಗೂ ಒಂದೇ ಪ್ರಮಾಣ. ಅವರದರಲ್ಲಿ ಹುಳಿ ಬಟ್ಟಲಲ್ಲಿ ಹೊರಗೆ ಕಾಯುತ್ತದೆ, ಬೇಕಾದವರು ಬೇಕಾದಷ್ಟು ಅದ್ದಿಕೊಳ್ಳುತ್ತಾರೆ. ಪಕ್ಕದ ಮನೆಯ ತಮಿಳು ಅಕ್ಕನವರು ಮಾಂಸ ಮುಟ್ಟುವವರಲ್ಲ. ಮೀನಿನ ಸಾಸ್ ಬೆರೆಸುವ ಮೊದಲೇ ತೆಗೆದಿಟ್ಟು ಉಪ್ಪು ಸೇರಿಸಿದ ಸಾರವನ್ನು, ಕೆಂಡದಲ್ಲಿ ಸುಟ್ಟ ಗೆಣಸಿನೊಂದಿಗೆ ಮಗಳು ಗೋಡೆಯ ಮೇಲಿಂದ ಅವರಿಗೆ ದಾಟಿಸಿದಳು. ಬಟ್ಟಲು ಖಾಲಿಯಾಗಿ ಮರಳಿತು, ಅದರಲ್ಲಿ ನಾಲ್ಕು ಮುರುಕ್ಕು ಇತ್ತು.

ಅವ್ವನ ಬಾಟಲಿ ತೊಳೆದು ಕಿಟಕಿಯಲ್ಲಿ ಬೋರಲು ಹಾಕಿ ಒಣಗಿಸಿದೆವು. ಅದನ್ನು ಏನು ಮಾಡುವುದೆಂದು ನಮಗೆ ತೋಚಿರಲಿಲ್ಲ. ಈಗ ಅದರಲ್ಲಿ ಕುದಿಸಿ ಇಂಗಿಸಿದ ಕೃಷ್ಣಗಿರಿಯ ಹುಣಿಸೆ ರಸವಿದೆ. ಯಾರೂ ತಪ್ಪು ತಿಳಿಯದಿರಲೆಂದು ಮಗಳು ಚೀಟಿಯೊಂದನ್ನು ಅಂಟಿಸಿದ್ದಾಳೆ. ಸ್ವಲ್ಪ ವಕ್ರವಾದ ದೊಡ್ಡ ಕನ್ನಡ ಅಕ್ಷರಗಳಲ್ಲಿ, 'ಹುಣಿಸೆ' ಎಂದು. 'ಣ'ದ ಸುಳಿ ಇನ್ನೂ ಸರಿಯಾಗಿ ಬಂದಿಲ್ಲ. ಅವ್ವನದೂ ಅಷ್ಟೇನೂ ಚೆನ್ನಾಗಿರಲಿಲ್ಲ.